ತೊಗಲಿನ ಅಂಗಿಯೋ, ಬಟ್ಟೆಯ ಅಂಗಿಯೋ?

ಮನೆಗೆ ಹೊಸದಾಗಿ ಮೋಟಾರು ಸೈಕಲ್ಲು ಬಂದ ದಿನ ಅದಕ್ಕೆ ಅರಿಸಿನ ಕುಂಕುಮಗಳನ್ನು ಹಚ್ಚಿ, ಹೂವಿನ ಮಾಲೆಯನ್ನು ಹಾಕಿ, ಚಕ್ರದ ಕೆಳಗೆ ನಿಂಬೆಯ ಹಣ್ಣನ್ನಿರಿಸಿ ಪೂಜೆಮಾಡುವ ವಾಡಿಕೆ ನಮ್ಮ ನಾಡಿನಲ್ಲಿ ಮನೆಮನೆಯಲ್ಲಿಯೂ ಉಂಟು. ಗಾಡಿಗೆ ವಿಮೆ ಮಾಡಿಸುತ್ತೇವೆ. ಬಣ್ಣ ಕೆಡದಂತೆ ಹೊದಿಕೆ ಹೊದಿಸುತ್ತೇವೆ. ಬಿದ್ದರೆ ಯಂತ್ರಕ್ಕೆ ಪೆಟ್ಟಾಗದಿರಲೆಂದು ಮುಂದುಗಡೆ ಕಬ್ಬಿಣದ ಕಂಬಿಯನ್ನು ಬಿಗಿಸುತ್ತೇವೆ. ಆದರೆ ಅದರ ಮೇಲೆ ಕುಳಿತು ಹೋಗುವ ಮಗನ ಮೈಮೇಲೆ ಇರುವುದೇನು? ಒಂದು ಹತ್ತಿಯ ಷರಟು, ಕಾಲಿಗೆ ಚಪ್ಪಲಿ. ಯಂತ್ರಕ್ಕಿರುವ ಕವಚ ಸವಾರನಿಗಿಲ್ಲ. ಈ ವಿಪರೀತವನ್ನು ಕುರಿತು ಗೃಹಸ್ಥರಾದ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂಬ ಆಸೆ ನಮಗೆ ಬಹುದಿನಗಳಿಂದ ಇದ್ದಿತು. ಕಳೆದ ಆಷಾಢದಲ್ಲಿ ನಮ್ಮ ಬಂಧುವರ್ಗದಲ್ಲಿಯೇ ನಡೆದ ಒಂದು ಸಂಗತಿ ಅದಕ್ಕೆ ಸಂದರ್ಭವನ್ನೊದಗಿಸಿತು.

ನಮ್ಮ ಸೋದರಳಿಯ ಸಕಲೇಶಪುರದ ಕಡೆಯ ಒಂದು ಶಾಲೆಯಲ್ಲಿ ಉಪಾಧ್ಯಾಯ. ಅವನ ಹೆಂಡತಿಗೆ ಹಾಸನದಲ್ಲಿ ಕೆಲಸ. ಗಂಡಹೆಂಡಿರಿಬ್ಬರೂ ಒಂದೇ ಗಾಡಿಯ ಮೇಲೆ ಓಡಾಡುವವರು. ಒಂದು ಸಂಜೆ ಸಣ್ಣ ಮಳೆ ಹನಿಯುತ್ತಿರುವಾಗ ತಿರುವಿನಲ್ಲಿ ಗಾಡಿ ಜಾರಿತು. ವೇಗ ಹೆಚ್ಚೇನೂ ಇರಲಿಲ್ಲ; ಎದುರಿಗೆ ವಾಹನವೂ ಬರುತ್ತಿರಲಿಲ್ಲ. ಇಬ್ಬರ ತಲೆಯಲ್ಲಿಯೂ ಹೆಲ್ಮೆಟ್ಟು ಇದ್ದುದರಿಂದ ಪ್ರಾಣಕ್ಕೆ ಅಪಾಯವಾಗಲಿಲ್ಲ. ಆದರೆ ಅವನ ಬಲದ ಮೊಳಕೈ ಮತ್ತು ಅಂಗೈಗಳ ಚರ್ಮ ಸುಲಿದುಹೋಗಿ, ಅವಳ ಮಂಡಿಯಲ್ಲಿ ಜಲ್ಲಿಯ ಹರಳುಗಳು ಹೊಕ್ಕು, ಒಂದು ತಿಂಗಳ ಕಾಲ ದಿನ ಬಿಟ್ಟು ದಿನ ಗಾಯವನ್ನು ತೊಳೆದು ಪಟ್ಟಿ ಕಟ್ಟಬೇಕಾಯಿತು. ಮೇಷ್ಟರು ಸೀಮೆಸುಣ್ಣ ಹಿಡಿಯಲಾರದೆ ರಜ ಹಾಕಿದರು. ಗಾಯ ಮಾಯ್ದ ಮೇಲೆ ಒಂದು ಭಾನುವಾರ ಅವನು ನಮ್ಮಲ್ಲಿಗೆ ಬಂದು, “ಮಾವ, ಇನ್ನು ಮೇಲೆ ಜಾಕೆಟ್ಟು ಇಲ್ಲದೆ ಗಾಡಿ ಹತ್ತುವುದಿಲ್ಲವೆಂದು ನಿಶ್ಚಯಮಾಡಿದ್ದೇನೆ. ತೊಗಲಿನದನ್ನು ತೆಗೆದುಕೊಳ್ಳಲೋ, ಬಟ್ಟೆಯದನ್ನೋ? ನೀವೇ ಹೇಳಬೇಕು” ಎಂದನು.

ನಮ್ಮನ್ನು ಕೇಳುವುದಕ್ಕೆ ಕಾರಣವಿತ್ತು. ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಗಾಡಿಯನ್ನು ನಾವು ಅನೇಕ ವರ್ಷ ಓಡಿಸಿದವರು. ಆ ಕಾರ್ಖಾನೆ ೧೯೯೬ರಲ್ಲಿ ನಿಂತುಹೋಯಿತು. ನಮ್ಮ ಗಾಡಿಯೂ ಕೈಬಿಟ್ಟಿತು. ಆದರೆ ಆ ಕಾಲದ ತೊಗಲಿನ ಕೋಟು ಇಂದಿಗೂ ನಮ್ಮ ಬೀರುವಿನಲ್ಲಿದೆ. ೧೯೮೪ರಲ್ಲಿ ಶ್ರೀರಂಗಪಟ್ಟಣದ ಬಳಿ ಎಮ್ಮೆಯೊಂದು ಅಡ್ಡ ಬಂದು ನಾವು ಬಿದ್ದಾಗ, ಅದರ ಎಡ ಭುಜದ ಮೇಲೆ ಅಂಗೈಯಗಲ ಬಿಳಿಯ ಉಜ್ಜುಗಾಯವಾಯಿತು. ಒಳಗಿದ್ದ ನಮ್ಮ ಭುಜಕ್ಕೆ ಏನೂ ಆಗಲಿಲ್ಲ. ಆದಕಾರಣ “ತೊಗಲನ್ನು ಬಿಟ್ಟು ಬೇರೆ ಮಾತಾಡಬೇಡ” ಎಂದು ಹೇಳಿಬಿಡುವುದು ನಮಗೆ ಸುಲಭವಾಗಿತ್ತು. ಆದರೆ ಒಬ್ಬರ ಅನುಭವ ಒಬ್ಬರ ಅನುಭವವೇ. ಇನ್ನೊಬ್ಬರ ಮೈಮೇಲೆ ಅದನ್ನು ಹೇರುವ ಮೊದಲು ವಿಚಾರಮಾಡುವುದು ಹಿರಿಯರಾದವರ ಕರ್ತವ್ಯ. ಹಾಗೆ ವಿಚಾರಿಸಿದುದರ ಸಾರವನ್ನು ಇಲ್ಲಿ ಕೊಟ್ಟಿದ್ದೇವೆ.

ಮೊದಲು ತಲೆಯ ಮಾತು. ಅಂಗಿಯ ವಿಚಾರ ಎಷ್ಟು ದೊಡ್ಡದಾದರೂ ಹೆಲ್ಮೆಟ್ಟಿನ ಅನಂತರವೇ ಅದು ಬರತಕ್ಕದ್ದು. ಅರೇಬಿಯದ ಲಾರೆನ್ಸನೆಂದು ಪ್ರಸಿದ್ಧನಾದ ಇಂಗ್ಲಿಷ್ ಸೈನಿಕನು ೧೯೩೫ರ ಮೇ ೧೩ರಂದು ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ತನ್ನ ಮೋಟಾರು ಸೈಕಲ್ಲಿನಿಂದ ಬಿದ್ದನು. ತಲೆಯಲ್ಲಿ ಏನೂ ಇರಲಿಲ್ಲ. ಆರು ದಿನಗಳ ಮೇಲೆ ತೀರಿಕೊಂಡನು. ಅವನನ್ನು ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೆರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯರೂ ಒಬ್ಬರು. ಅವರು ಮೋಟಾರು ಸೈಕಲ್ ಸವಾರರ ತಲೆಯ ಪೆಟ್ಟುಗಳನ್ನು ಪರಿಶೀಲಿಸಿ, ೧೯೪೧ರಲ್ಲಿ ಹೆಲ್ಮೆಟ್ಟಿನ ಪ್ರಯೋಜನವನ್ನು ಲೋಕಕ್ಕೆ ತಿಳಿಸಿದರು. ಇಷ್ಟಾದರೂ ನಮ್ಮ ದೇಶದಲ್ಲಿ ೨೦೨೨ ಒಂದೇ ವರ್ಷದಲ್ಲಿ ಹೆಲ್ಮೆಟ್ಟು ಧರಿಸದೆ ರಸ್ತೆಯಲ್ಲಿ ಪ್ರಾಣ ಬಿಟ್ಟವರ ಸಂಖ್ಯೆ ೫೦,೦೨೯ ಎಂದು ಸರ್ಕಾರದ ವರದಿಯೇ ಹೇಳುತ್ತದೆ. ಅವರಲ್ಲಿ ೧೪,೩೩೭ ಮಂದಿ ಹಿಂದೆ ಕುಳಿತವರು. ನಮ್ಮ ಕಾನೂನು ಕಡ್ಡಾಯ ಮಾಡಿರುವುದು ಹೆಲ್ಮೆಟ್ಟನ್ನು ಮಾತ್ರ; ಅಂಗಿಯ ವಿಷಯವನ್ನು ಸವಾರನ ವಿವೇಕಕ್ಕೆ ಬಿಟ್ಟಿದೆ. ವಿವೇಕಕ್ಕೆ ಬಿಟ್ಟ ವಿಷಯಗಳಲ್ಲಿಯೇ ಮನುಷ್ಯನು ಎಡವುವುದು ಹೆಚ್ಚು.

ಇನ್ನು ಬೀಳುವುದೆಂದರೆ ಏನು ಎಂಬುದನ್ನು ನೋಡೋಣ. ಅಮೆರಿಕದ ಹ್ಯಾರಿ ಹರ್ಟ್ ಎಂಬುವರು ಲಾಸ್ ಏಂಜಲೀಸಿನಲ್ಲಿ ೯೦೦ ಅಪಘಾತಗಳನ್ನು ಸ್ಥಳದಲ್ಲಿಯೇ ಪರಿಶೀಲಿಸಿ ೧೯೮೧ರಲ್ಲಿ ವರದಿ ಕೊಟ್ಟರು. ಅಪಘಾತಕ್ಕೆ ಮುಂಚೆ ಸವಾರರ ನಡುಮಟ್ಟದ ವೇಗ ಗಂಟೆಗೆ ೪೮ ಕಿಲೋಮೀಟರಿನಷ್ಟು, ಪೆಟ್ಟು ಬಿದ್ದ ಕ್ಷಣದಲ್ಲಿ ೩೫ ಕಿಲೋಮೀಟರಿನಷ್ಟು ಮಾತ್ರ ಎಂದು ಅವರು ಕಂಡರು. ಹಾಗಾದರೆ ಮೂಳೆ ಮುರಿಯುವುದೂ ಚರ್ಮ ಸುಲಿಯುವುದೂ ಪಂದ್ಯದ ವೇಗದಲ್ಲಲ್ಲ, ಪೇಟೆಗೆ ಹೋಗಿ ತರಕಾರಿ ತರುವ ವೇಗದಲ್ಲಿ. ೪೮ ಕಿಲೋಮೀಟರು ವೇಗದಲ್ಲಿ ಬಿದ್ದವನು ಎಷ್ಟು ದೂರ ಜಾರುತ್ತಾನೆಂಬುದನ್ನು ಶಾಲೆಯ ಗಣಿತದಿಂದಲೇ ತಿಳಿಯಬಹುದು. ರಸ್ತೆಯ ಘರ್ಷಣೆ ಮೈಭಾರದ ಹತ್ತರಲ್ಲಿ ಆರು ಪಾಲೆಂದು ಹಿಡಿದರೆ, ಸುಮಾರು ೧೫ ಮೀಟರು ದೂರ, ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ. ಕೇಳುವುದಕ್ಕೆ ಎರಡು ಸೆಕೆಂಡು ಅಲ್ಪವೇ ಸರಿ; ಆದರೆ ಡಾಂಬರು ರಸ್ತೆಯೆಂಬುದು ಕಾಯಿ ತುರಿಯುವ ಮಣೆಯ ಹಾಗೆ. ಆ ಎರಡು ಸೆಕೆಂಡು ಹರಿಯದೆ, ಹೊಲಿಗೆ ಬಿಡದೆ, ಕರಗದೆ ನಿಲ್ಲುವುದೇ ಅಂಗಿಯ ಕೆಲಸ. ತೆಳುವಾದ ಹತ್ತಿಯ ಷರಟು ಈ ಕೆಲಸಕ್ಕೆ ಬಾರದೆಂಬುದನ್ನು ನಮ್ಮ ಸೋದರಳಿಯನ ಮೊಳಕೈಯೇ ಹೇಳಿತು.

ತೊಗಲಿನ ಗುಣ ಇಲ್ಲಿ ಬಹು ದೊಡ್ಡದು. ಬಟ್ಟೆಯಲ್ಲಿ ಎಳೆಗಳು ಉದ್ದಕ್ಕೂ ಅಡ್ಡಕ್ಕೂ ಮಾತ್ರ ಹಾಯುತ್ತವೆ. ತೊಗಲಿನಲ್ಲಿ ಪ್ರಕೃತಿಯೇ ನಾರುಗಳನ್ನು ಎಲ್ಲ ದಿಕ್ಕಿಗೂ ಹೆಣೆದಿದೆ. ಆದುದರಿಂದ ಅದು ಒಂದು ಕಡೆ ಸವೆದರೂ ಸರಕ್ಕನೆ ಸೀಳುವುದಿಲ್ಲ. ಪದರ ಪದರವಾಗಿ ತೇಯುತ್ತದೆ. ಉಜ್ಜಿದ ಬಿಸಿಗೆ ಕರಗಿ ಮೈಗೆ ಅಂಟುವುದೂ ಇಲ್ಲ. ಮೈಸೂರು ಸೀಮೆಯಲ್ಲಿ ಹಿಂದೆ ತಂಗಡಿಯ ಚಕ್ಕೆಯಿಂದ ತೊಗಲನ್ನು ಹದಮಾಡುತ್ತಿದ್ದರು. ಈಗ ಸವಾರಿಯ ಉಡುಪಿಗೆ ಹೆಚ್ಚಾಗಿ ಕ್ರೋಮಿಯಂ ಲವಣದಿಂದ ಹದಮಾಡಿದ, ೧.೨ರಿಂದ ೧.೪ ಮಿಲಿಮೀಟರು ದಪ್ಪದ ಹಸುವಿನ ಅಥವಾ ಎಮ್ಮೆಯ ತೊಗಲನ್ನು ಬಳಸುತ್ತಾರೆ. ೧೯೨೮ರಲ್ಲಿ ನ್ಯೂಯಾರ್ಕಿನ ಅರ್ವಿಂಗ್ ಷಾಟ್ ಎಂಬುವರು ಮೋಟಾರು ಸೈಕಲ್ ಸವಾರರಿಗೆಂದೇ ಓರೆಯಾದ ಜಿಪ್ಪಿನ ತೊಗಲಂಗಿಯನ್ನು ಹೊಲಿಸಿ ಮಾರಿದರು. ಇಂದಿಗೂ ಅದೇ ಮಾದರಿ ನಡೆಯುತ್ತಿದೆ. ಪಂದ್ಯದ ಸವಾರರು ತಲೆಯ ಕೆಳಗೆ ಆಪಾದಮಸ್ತಕ ತೊಗಲನ್ನೇ ಧರಿಸುತ್ತಾರೆ. ಪದೇ ಪದೇ ಬೀಳುವ ಸಂಭವವುಳ್ಳವರು ನಂಬಿರುವ ವಸ್ತುವೆಂದರೆ ಅದಕ್ಕಿಂತ ಹೆಚ್ಚಿನ ಪ್ರಶಸ್ತಿ ಬೇಕಾಗಿಲ್ಲ.

ಬಟ್ಟೆಯ ಅಂಗಿಯ ವಂಶವೂ ಕಡಮೆಯದಲ್ಲ. ಇಂಗ್ಲೆಂಡಿನ ಮಳೆಯಲ್ಲಿ ಸವಾರಿಮಾಡುವವರಿಗಾಗಿ ಮೇಣ ಹಾಕಿದ ಹತ್ತಿಯ ಕೋಟುಗಳನ್ನು ಬೆಲ್‌ಸ್ಟಾಫ್, ಬಾರ್ಬರ್ ಮೊದಲಾದವರು ಹೊಲಿಸುತ್ತಿದ್ದರು; ಬಾರ್ಬರ್ ಸಂಸ್ಥೆಯ ಪ್ರಸಿದ್ಧ ಸವಾರಿಯ ಉಡುಪು ಹುಟ್ಟಿದುದು ೧೯೩೬ರಲ್ಲಿ. ಅದರ ಹಿಂದಿನ ವರ್ಷವೇ ಅಮೆರಿಕದಲ್ಲಿ ಕೆರೋಥರ್ಸ್ ಎಂಬ ರಸಾಯನಶಾಸ್ತ್ರಜ್ಞರ ಪ್ರಯೋಗಶಾಲೆಯಲ್ಲಿ ನೈಲಾನು ಸಿದ್ಧವಾಯಿತು. ೧೯೬೦ರ ದಶಕದಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ಮಹಿಳೆ ಕೆವ್ಲಾರಿಗೆ ಮೂಲವಾದ ನಾರನ್ನು ಕಂಡುಹಿಡಿದರು. ೧೯೮೩ರಲ್ಲಿ ಮಿನ್ನೆಸೋಟದ ಡುಲೂತ್ ಪಟ್ಟಣದಲ್ಲಿ ಆಂಡಿ ಗೋಲ್ಡ್‌ಫೈನ್ ಎಂಬುವರು ಒರಟು ನೈಲಾನಿನ ಉಡುಪನ್ನು ಮೆತ್ತೆಗಳೊಡನೆ ಹೊಲಿಸಿ ಮಾರತೊಡಗಿದ ಮೇಲೆ, ದಿನವೂ ಕೆಲಸಕ್ಕೆ ಹೋಗುವ ಸವಾರನೂ ತೊಗಲಿಲ್ಲದೆ ರಕ್ಷಣೆ ಪಡೆಯಬಹುದೆಂಬ ನಂಬಿಕೆ ಬಲವಾಯಿತು. ಬಟ್ಟೆ ಹಗುರ, ಗಾಳಿಯಾಡುತ್ತದೆ, ಮನೆಯಲ್ಲಿ ತೊಳೆಯಬಹುದು, ಬೆಲೆಯೂ ಸಾಧಾರಣವಾಗಿ ಕಡಮೆ. ದೋಷವೇನೆಂದರೆ, ನೈಲಾನು ಪಾಲಿಯೆಸ್ಟರುಗಳು ಬಿಸಿಗೆ ಕರಗುವ ಜಾತಿಯವು. ಸುಮಾರು ೨೨೦ರಿಂದ ೨೬೫ ಡಿಗ್ರಿ ಸೆಲ್ಸಿಯಸ್ಸಿನೊಳಗೆ ಅವುಗಳ ಕರಗುವ ಮಟ್ಟ. ಅಗ್ಗದ ತೆಳುಬಟ್ಟೆ ರಸ್ತೆಗೆ ಉಜ್ಜಿದಾಗ ಕರಗಿ ಗಾಯಕ್ಕೆ ಅಂಟಿಕೊಂಡರೆ ವೈದ್ಯರಿಗೂ ಕಷ್ಟ, ರೋಗಿಗೂ ಸಂಕಟ. ಕೆವ್ಲಾರು ಕರಗುವುದಿಲ್ಲ; ಆದರೆ ಬಿಸಿಲು ಅದನ್ನು ಕೆಡಿಸುತ್ತದೆ. ಮತ್ತೊಂದು ಮಾತು: ತೊಗಲಿನ ಅಂಗಿ ಒಂದು ಸಲ ಬಿದ್ದರೂ ಹೊಲಿಗೆ ಹಾಕಿಸಿ ತೊಡುವಂತಿರಬಹುದು, ಬಟ್ಟೆಯದು ಒಂದು ದೊಡ್ಡ ಬೀಳಿಗೆ ತನ್ನ ಋಣವನ್ನು ತೀರಿಸಿ ಹೊರಟುಹೋಗುತ್ತದೆ.

ಹಾಗಾದರೆ ತೊಗಲೇ ಮೇಲೆಂದು ತೀರ್ಮಾನಿಸಬಹುದೆ? ಅಷ್ಟು ಸುಲಭವಲ್ಲ. ಆಸ್ಟ್ರೇಲಿಯದಲ್ಲಿ ಲಿಜ್ ಡಿ ರೋಮ್ ಮತ್ತು ಅವರ ಸಂಗಡಿಗರು ಅಪಘಾತಕ್ಕೆ ಸಿಕ್ಕಿದ ೨೧೨ ಸವಾರರನ್ನು ಪರಿಶೀಲಿಸಿ ೨೦೧೧ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸವಾರಿಯ ಜಾಕೆಟ್ಟು, ಷರಾಯಿ, ಕೈಗವಸುಗಳನ್ನು ಧರಿಸಿದ್ದವರು ಆಸ್ಪತ್ರೆ ಸೇರುವ ಸಂಭವ ಕಡಮೆಯೆಂದು ಅವರು ಕಂಡರು. ಆದರೆ ಅದೇ ಅಧ್ಯಯನದಲ್ಲಿ ನೂರಕ್ಕೆ ಸುಮಾರು ೩೦ ಜಾಕೆಟ್ಟುಗಳು ಬಿದ್ದಾಗ ತಾಳಲಾರದೆ ಹಾಳಾಗಿದ್ದುವು. ಅಂಗಿಯೊಳಗಿನ ಮೆತ್ತೆಗಳಿಂದ ಮೂಳೆ ಮುರಿಯುವುದು ಕಡಮೆಯಾಯಿತೆಂದೂ ಅವರಿಗೆ ಕಾಣಲಿಲ್ಲ. ಇದರಿಂದ ಎರಡು ಪಾಠಗಳುಂಟು. ಅಂಗಿ ಚರ್ಮವನ್ನು ಉಳಿಸುತ್ತದೆಯೇ ಹೊರತು ಲಾರಿಯ ಮುಂದೆ ನಮ್ಮನ್ನು ಅಜೇಯರನ್ನಾಗಿ ಮಾಡುವುದಿಲ್ಲ ಎಂಬುದೊಂದು. ಹೆಸರಿನಿಂದ ಸವಾರಿಯ ಜಾಕೆಟ್ಟಾದ ಮಾತ್ರಕ್ಕೆ ಅದು ಸವಾರನನ್ನು ಕಾಯುವುದಿಲ್ಲ ಎಂಬುದು ಇನ್ನೊಂದು. ತೊಗಲೋ ಬಟ್ಟೆಯೋ ಎಂದು ಕೇಳುವ ಮೊದಲು, ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಬೇಕು.

ಒಳ್ಳೆಯದನ್ನು ಗುರುತಿಸುವುದಕ್ಕೆ ಯೂರೋಪಿನವರು ಒಂದು ಅಳತೆಗೋಲನ್ನು ಮಾಡಿದ್ದಾರೆ. ಇಎನ್ ೧೭೦೯೨ ಎಂಬ ಆ ಮಾನದಂಡದಲ್ಲಿ ಉಡುಪುಗಳಿಗೆ ಎಎಎ, ಎಎ, ಎ ಎಂದು ದರ್ಜೆಗಳುಂಟು. ಭುಜ, ಮೊಳಕೈ, ಮಂಡಿಗಳಂಥ ಮುಖ್ಯ ಭಾಗಗಳಲ್ಲಿ ಎಎಎ ದರ್ಜೆಯದು ಗಂಟೆಗೆ ೧೨೦, ಎಎ ದರ್ಜೆಯದು ೭೦, ಎ ದರ್ಜೆಯದು ೪೫ ಕಿಲೋಮೀಟರು ವೇಗದ ಜಾರುವಿಕೆಗೆ ಸಮನಾದ ಉಜ್ಜುವಿಕೆಯನ್ನು ಪರೀಕ್ಷೆಯಲ್ಲಿ ತಡೆಯಬೇಕು. ಇದರಲ್ಲಿ ತೊಗಲಿಗೆ ಬೇರೆ, ಬಟ್ಟೆಗೆ ಬೇರೆ ಎಂಬ ಪಂಕ್ತಿಭೇದವಿಲ್ಲ. ಎರಡಕ್ಕೂ ಪರೀಕ್ಷೆ ಒಂದೇ. ಅಂಗಡಿಯವರು ಆರ್ಮರ್ ಎಂದು ಕರೆಯುವ ಮೆತ್ತೆಗೆ ಇಎನ್ ೧೬೨೧ ಎಂಬ ಬೇರೆ ಗುರುತುಂಟು. ಅದರಲ್ಲಿ ಒಂದನೆಯ ಮಟ್ಟಕ್ಕಿಂತ ಎರಡನೆಯ ಮಟ್ಟ ಮೇಲು. ಈ ಗುರುತುಗಳು ಅಂಗಿಯ ಒಳಮಗ್ಗುಲಿನ ಚೀಟಿಯ ಮೇಲೂ ಮೆತ್ತೆಯ ಮೇಲೂ ಅಚ್ಚಾಗಿರುತ್ತವೆ. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ೨೦೧೮ರಿಂದ ಮೋಟೋಕ್ಯಾಪ್ ಎಂಬ ವ್ಯವಸ್ಥೆಯೊಂದು ಅಂಗಡಿಗಳಿಂದ ಉಡುಪುಗಳನ್ನು ಕೊಂಡು, ಹರಿದು, ಉಜ್ಜಿ, ಪರೀಕ್ಷಿಸಿ, ರಕ್ಷಣೆಗೊಂದು ಅಂಕ, ಸೆಕೆಯಲ್ಲಿ ಸುಖಕ್ಕೊಂದು ಅಂಕ ಕೊಡುತ್ತಿದೆ. ಸುಖಕ್ಕೂ ಅಂಕ ಕೊಟ್ಟಿರುವುದು ವಿವೇಕದ ಕೆಲಸ. ಏಕೆಂದರೆ ಸೆಕೆಯೆಂದು ಗೂಟಕ್ಕೆ ತಗುಲಿಹಾಕಿದ ಅಂಗಿ ಯಾರನ್ನೂ ಕಾಪಾಡಲಾರದು.

ಇಷ್ಟು ತಿಳಿದುಕೊಂಡು ನಾವು ಸೋದರಳಿಯನೊಡನೆ ಅಂಗಡಿಗೆ ಹೋದೆವು. ಒಂದು ಅಂಗಡಿಯಲ್ಲಿ “ಅಸಲಿ ಲೆದರು ಸ್ವಾಮಿ” ಎಂದು ತೋರಿಸಿದ ಅಂಗಿಯ ತೋಳಿನ ಕೊನೆಯನ್ನು ಮಗುಚಿ ನೋಡಿದರೆ ಒಳಗೆ ಬಟ್ಟೆಯ ನೇಯ್ಗೆ ಕಂಡಿತು. ಅದು ರೆಕ್ಸೀನು. ನಿಜವಾದ ತೊಗಲಿನ ಕತ್ತರಿಸಿದ ಅಂಚಿನಲ್ಲಿ ನಾರು ಕಾಣುತ್ತದೆ, ನೇಯ್ಗೆಯಲ್ಲ. ಮೇಲ್ಮೈಯ ಗೆರೆಗಳೂ ಅಚ್ಚೊತ್ತಿದಂತೆ ಒಂದೇ ಸಮನಾಗಿರುವುದಿಲ್ಲ. ಇನ್ನೊಂದು ಅಂಗಡಿಯ ಬಟ್ಟೆಯ ಜಾಕೆಟ್ಟಿನಲ್ಲಿ ಮೊಳಕೈಯ ಮೆತ್ತೆಯೆಂದು ಇದ್ದುದು ಹಾಸಿಗೆಯ ಸ್ಪಂಜಿನ ತುಂಡು. ಬೆರಳಿನಿಂದ ಒತ್ತಿದರೆ ಆಚೆ ಬದಿ ತಗಲುತ್ತಿತ್ತು. ಗೃಹಸ್ಥರು ಈ ಎರಡು ಮೋಸಗಳನ್ನು ನೆನಪಿಟ್ಟುಕೊಂಡರೆ ಅರ್ಧ ವ್ಯಾಪಾರ ಗೆದ್ದಂತೆ.

ಮೂರನೆಯ ಅಂಗಡಿಯಲ್ಲಿ ಒಳ್ಳೆಯ ಸರಕು ದೊರೆಯಿತು. ಅಲ್ಲಿಯೇ ನಿಜವಾದ ಕಷ್ಟವೂ ಮೊದಲಾಯಿತು. ಅವನು ಕೂಡಿಟ್ಟು ತಂದಿದ್ದ ಹಣಕ್ಕೆ ಒಂದು ಉತ್ತಮವಾದ ತೊಗಲಿನ ಜಾಕೆಟ್ಟು ಬರುತ್ತಿತ್ತು. ಅಥವಾ ಎಎ ದರ್ಜೆಯ ಬಟ್ಟೆಯ ಜಾಕೆಟ್ಟುಗಳು ಎರಡೂ, ಎರಡು ಜೊತೆ ಕೈಗವಸುಗಳೂ ಬರುತ್ತಿದ್ದುವು. ಅವನು ತೊಗಲಿನ ಅಂಗಿಯನ್ನು ತೊಟ್ಟು ಕನ್ನಡಿಯ ಮುಂದೆ ನಿಂತನು. ಚೆನ್ನಾಗಿಯೇ ಒಪ್ಪುತ್ತಿತ್ತು. ಹೆಂಡತಿಯೂ “ಅದನ್ನೇ ತೆಗೆದುಕೊಳ್ಳಿ, ಓಡಿಸುವವರು ನೀವು, ನನಗೆ ಮುಂದಿನ ವರ್ಷ ನೋಡೋಣ” ಎಂದಳು. ನಮ್ಮ ಬೀರುವಿನ ಕೋಟು ನಮ್ಮ ಕಣ್ಣ ಮುಂದೆ ಸುಳಿಯಿತು. “ಹೌದು” ಎನ್ನಲು ಬಾಯಿ ತೆರೆದೆವು. ಅಷ್ಟರಲ್ಲಿ ಅವಳ ಮಂಡಿಯ ಗಾಯ ನೆನಪಾಯಿತು. ಬೀಳುವಾಗ ಓಡಿಸುವವನು ಬೇರೆ, ಹಿಂದೆ ಕೂತವಳು ಬೇರೆ ಎಂದು ರಸ್ತೆ ಎಣಿಸುವುದಿಲ್ಲ. ಓಡಿಸುವವನಿಗಾದರೂ ಹಿಡಿ ಕೈಯಲ್ಲಿದೆ, ಬೀಳುವುದು ಕ್ಷಣಕ್ಕೆ ಮುಂಚೆ ತಿಳಿಯುತ್ತದೆ. ಹಿಂದೆ ಕೂತವರಿಗೆ ಅದೂ ಇಲ್ಲ. ಒಬ್ಬರಿಗೆ ಉತ್ತಮವಾದುದು, ಇನ್ನೊಬ್ಬರಿಗೆ ಏನೂ ಇಲ್ಲದಿರುವುದು ಸಂಸಾರದ ಲೆಕ್ಕವಲ್ಲ.

ಎರಡನೆಯದಾಗಿ ಅವರ ಊರಿನ ಹವೆ. ಮಲೆನಾಡಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಸಿಲೆಂಬುದು ಅತಿಥಿ. ನೆನೆದ ತೊಗಲು ಕಲ್ಲಿನಂತೆ ಭಾರವಾಗುತ್ತದೆ. ಒಣಗುವುದಕ್ಕೆ ದಿನಗಳು ಬೇಕು. ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಅವಸರದಿಂದ ಒಲೆಯ ಹತ್ತಿರ ತಗುಲಿಹಾಕಿದರೆ ಗಟ್ಟಿಯಾಗಿ ಬಿರುಕುಬಿಡುತ್ತದೆ. ನಾಳೆ ಬೆಳಗ್ಗೆ ಎಂಟು ಗಂಟೆಗೆ ಮತ್ತೆ ತೊಡಬೇಕಾದವನಿಗೆ ಇದು ಆಗದ ಮಾತು. ಕಲಬುರಗಿ, ರಾಯಚೂರುಗಳಲ್ಲಿರುವವರ ತೊಂದರೆ ಬೇರೆ. ಏಪ್ರಿಲ್ ಮೇ ತಿಂಗಳುಗಳ ೪೦ ಡಿಗ್ರಿ ಬಿಸಿಲಿನಲ್ಲಿ ತೊಗಲನ್ನು ತೊಡುವವರು ಕಡಮೆ. ಅವರಿಗೆ ಎದೆಯಲ್ಲಿಯೂ ಬೆನ್ನಿನಲ್ಲಿಯೂ ಗಾಳಿಯಾಡುವ ಜಾಳಿಗೆ ಬಟ್ಟೆಯಿದ್ದು, ಭುಜ ಮೊಳಕೈಗಳಲ್ಲಿ ಗಟ್ಟಿಬಟ್ಟೆಯಿರುವ ಜಾಕೆಟ್ಟು ಲೇಸು. ಬೆಂಗಳೂರು ಮೈಸೂರುಗಳ ಹಿತವಾದ ಹವೆಯಲ್ಲಿ, ಮಳೆಯಲ್ಲದ ತಿಂಗಳುಗಳಲ್ಲಿ, ದೂರದ ಹೆದ್ದಾರಿಯ ಸವಾರಿ ಮಾಡುವವನಿಗೆ ತೊಗಲು ಇಂದಿಗೂ ಯೋಗ್ಯವೆಂಬುದೇ ನಮ್ಮ ಮತ. ಮಳೆಗಾಲಕ್ಕೆ ಅದರ ಮೇಲೆ ತೊಡುವ ಮಳೆಯಂಗಿಯೊಂದು ಜೊತೆಯಲ್ಲಿರಬೇಕು.

ಮೂರನೆಯದು ಮನೆಯ ಮಾತು. ನಮ್ಮ ಸೋದರಳಿಯನ ಮನೆಯಲ್ಲಿ ಅಜ್ಜಿಯಿದ್ದಾರೆ. ತೊಗಲಿನ ಚಪ್ಪಲಿಯನ್ನೂ ಬಾಗಿಲಿನಿಂದಾಚೆ ಬಿಡಿಸುವವರು. ತೊಗಲಿನ ಅಂಗಿಯನ್ನು ಒಳಗೆಲ್ಲಿ ತೂಗುಹಾಕುವುದು? ಇದನ್ನು ನಗೆಗೀಡುಮಾಡುವವರುಂಟು. ನಾವು ಹಾಗೆ ಮಾಡಲಾರೆವು. ಹಿರಿಯರ ಮನಸ್ಸಿಗೆ ನೋವಾಗದೆ ಅದೇ ಕೆಲಸ ಬೇರೆ ವಸ್ತುವಿನಿಂದ ಆಗುವುದಾದರೆ ಆ ವಸ್ತುವನ್ನು ಆರಿಸುವುದರಲ್ಲಿ ಸೋಲೇನೂ ಇಲ್ಲ. ಅಹಿಂಸೆಯ ದೃಷ್ಟಿಯಿಂದ ತೊಗಲನ್ನು ಮುಟ್ಟದವರಿಗೂ ಇದೇ ಉತ್ತರ.

ಹೀಗೆ ಎರಡು ಬಟ್ಟೆಯ ಜಾಕೆಟ್ಟುಗಳೇ ಮನೆಗೆ ಬಂದುವು. ಕೊಳ್ಳುವಾಗ ನಾವು ಗಮನಿಸಿದ ಅಂಶಗಳು ಇತರರಿಗೂ ಉಪಯೋಗಕ್ಕೆ ಬಂದಾವೆಂದು ಬರೆಯುತ್ತೇವೆ. ಅಂಗಿಯನ್ನು ನಿಂತು ನೋಡಿದರೆ ಸಾಲದು. ಗಾಡಿಯ ಮೇಲೆ ಕುಳಿತಂತೆ ಕೈಚಾಚಿ ನೋಡಬೇಕು. ಆಗ ತೋಳು ಮಣಿಕಟ್ಟಿನಿಂದ ಮೇಲೇರಬಾರದು. ಮೊಳಕೈಯ ಮೆತ್ತೆ ಪಕ್ಕಕ್ಕೆ ತಿರುಗಬಾರದು. ಸಡಿಲವಾದ ಅಂಗಿಯಲ್ಲಿ ಮೆತ್ತೆ ಬೇಕಾದ ಕ್ಷಣದಲ್ಲಿ ಬೇಕಾದ ಕಡೆ ಇರುವುದಿಲ್ಲ. ಭುಜ ಮೊಳಕೈಗಳ ಹೊಲಿಗೆ ಎರಡು ಮೂರು ಸಾಲಾಗಿರಬೇಕು. ತೊಗಲಾಗಲಿ ಬಟ್ಟೆಯಾಗಲಿ ಮೊದಲು ಬಿಡುವುದು ಹೊಲಿಗೆಯೇ. ಬೆನ್ನಿನ ಜೇಬಿನಲ್ಲಿ ತೆಳುವಾದ ಸ್ಪಂಜಿದ್ದರೆ ಅದನ್ನು ತೆಗೆಸಿ ಗುರುತುಳ್ಳ ಮೆತ್ತೆಯನ್ನು ಹಾಕಿಸಬೇಕು. ಕೈಗವಸನ್ನು ಮರೆಯಲೇಬಾರದು, ಬೀಳುವ ಮನುಷ್ಯನು ಮೊದಲು ಊರುವುದು ಅಂಗೈಯನ್ನು. ಕಾಲಿಗೆ ಕಣಕಾಲನ್ನು ಮುಚ್ಚುವ ಬೂಟು ಬೇಕು. ಸ್ತ್ರೀಯರು ಜಾಕೆಟ್ಟಿನೊಳಗೆ ಸೆರಗನ್ನೋ ದುಪಟ್ಟಾವನ್ನೋ ಸೇರಿಸಿಕೊಂಡರೆ ಅದು ಚಕ್ರಕ್ಕೆ ಸಿಕ್ಕುವ ಅಪಾಯವೂ ತಪ್ಪುತ್ತದೆ. ಗಾಡಿಯ ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ತಡೆ ಇರಬೇಕೆಂದು ೧೯೮೯ರ ಮೋಟಾರು ವಾಹನ ನಿಯಮಗಳಲ್ಲಿಯೇ ಹೇಳಿದೆ. ಅಂದಕ್ಕೆಂದು ಅದನ್ನು ಬಿಚ್ಚಿಸುವುದು ಅವಿವೇಕ.

ಇನ್ನು ಪಾಲನೆ. ಬಟ್ಟೆಯ ಜಾಕೆಟ್ಟನ್ನು ಒಗೆಯುವ ಮೊದಲು ಮೆತ್ತೆಗಳನ್ನೆಲ್ಲ ಹೊರತೆಗೆಯಬೇಕು; ತಣ್ಣೀರಿನಲ್ಲಿ ಸೌಮ್ಯವಾದ ಸಾಬೂನಿನಿಂದ ಕೈಯಲ್ಲಿ ತೊಳೆದು, ಹಿಂಡದೆ, ನೆರಳಿನಲ್ಲಿ ನೇತುಹಾಕಬೇಕು. ಬಂಡೆಯ ಮೇಲೆ ಕುಕ್ಕುವುದೂ ಇಸ್ತ್ರಿಮಾಡುವುದೂ ಸಲ್ಲವು. ತೊಗಲನ್ನು ಒದ್ದೆಬಟ್ಟೆಯಿಂದ ಒರಸಿ, ಅಗಲವಾದ ಹ್ಯಾಂಗರಿನಲ್ಲಿ ಗಾಳಿಯಾಡುವ ಕಡೆ ತೂಗಿಸಿ, ಕೆಲವು ತಿಂಗಳಿಗೊಮ್ಮೆ ತೊಗಲಿಗೆಂದೇ ಇರುವ ಎಣ್ಣೆಯನ್ನೋ ಮೇಣವನ್ನೋ ತೆಳುವಾಗಿ ಹಚ್ಚಬೇಕು. ಪ್ಲಾಸ್ಟಿಕ್ಕಿನ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟಿಗೆ ಆಹ್ವಾನ ಕೊಟ್ಟಂತೆ.

ಮೊನ್ನೆ ದಸರೆಗೆ ಇಬ್ಬರೂ ನಮ್ಮಲ್ಲಿಗೆ ಬಂದಿದ್ದರು. ಬಾಗಿಲಲ್ಲಿಯೇ ಎರಡು ಜಾಕೆಟ್ಟುಗಳನ್ನೂ ಕಳಚಿ ಜಗುಲಿಯ ಗೂಟಗಳಿಗೆ ಹಾಕಿದರು. ಹೊಸದರ ಹೊಳಪು ಆಗಲೇ ಹೋಗಿತ್ತು; ಕೊರಳಪಟ್ಟಿಯಲ್ಲಿ ಧೂಳು, ತೋಳಿನ ಮೇಲೆ ಕೆಸರಿನ ಕಲೆ. ನಮಗೆ ಅದನ್ನು ಕಂಡು ಸಂತೋಷವೇ ಆಯಿತು. ದಿನವೂ ಮೈಮೇಲಿದ್ದ ಅಂಗಿಗಲ್ಲವೆ ಆ ಕೊಳೆ ಹತ್ತುವುದು! ಅಪಘಾತ ಯಾವ ದಿನ ಬರುವುದೆಂದು ಪಂಚಾಂಗದಲ್ಲಿ ಬರೆದಿರುವುದಿಲ್ಲ. ತೊಗಲಾಗಲಿ, ಬಟ್ಟೆಯಾಗಲಿ, ಹತ್ತು ನಿಮಿಷದ ದಾರಿಗೂ ಬೇಸರಿಸದೆ ತೊಡುವುದು ಯಾವುದೋ ಅದೇ ಉತ್ತಮವಾದ ಅಂಗಿ.